ಅವ್ವ ಬೇಡಿದ ಕೆಂಪು

ಹೊಟ್ಟೆಯ ಸೋನೋಗ್ರಫಿಗೆಂದು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋಗಿ ಹೋಗಿ ನನಗೆ ಸಾಕುಸಾಕಾಗಿತ್ತು. ಬೆಳಿಗ್ಗೆಯಿಂದ ಉಪವಾಸ, ಎಸ್‌ಟಿ ಬಸ್ಸಿನ ಕುಲುಕಾಟ, ದಾರಿಯಲ್ಲಿ ಕರುಳು ಕಿವುಚಿದರೆ ಎಲ್ಲಿ ಇಳಿಯಬೇಕೆಂಬ ಚಿಂತೆ. ವರ್ಷಗಟ್ಟಲೆ ಕರುಳಿನ ಉರಿಯೂತ ಇರುವವನ ಬದುಕೇ ಇದು, ಸುಡುಗಾಡು ಬದುಕು. ಈ ಸಲ ಇನ್ನೊಂದು ಭಯವೂ ಇತ್ತು. ಇಂಜೆಕ್ಷನ್ನಿಗೆ ಬಾವು ಇಳಿಯದಿದ್ದರೆ ಕರುಳು ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಜೊತೆಗೆ ಅವ್ವ. ಬೇಡವೆಂದರೆ ಕೇಳುವವಳಲ್ಲ. ಮೊದಲ ಸಲ ಬಂದಾಗ ಪರದೆಯ ಮೇಲೆ ನನ್ನ ಕರುಳಿನ ಸುತ್ತ ಕೆಂಪು ಚುಕ್ಕೆಗಳು ಮಿನುಗಿದ್ದನ್ನು ಕಂಡು, "ಎವ್ವಾ, ಎಷ್ಟ ರಕ್ತ ಐತಿ ನನ್ನ ಮಗನ ಮೈಯಾಗ!" ಎಂದು ಹಿಗ್ಗಿದ್ದಳು. ಅದು ರೋಗದ ಗುರುತು ಎಂದು ತಿಳಿಸಿ ಹೇಳುವ ತ್ರಾಣ ನನಗಿರಲಿಲ್ಲ. ಆ ವಾರವೇ ಬೀರಪ್ಪನಿಗೆ ಏನೋ ಹರಕೆ ಹೊತ್ತು ಚಪ್ಪಲಿ ಬಿಟ್ಟಳು. ಕಾದ ಡಾಂಬರಿನ ಮೇಲೆ ಅವಳ ಬಿರುಕುಬಿಟ್ಟ ಹಿಮ್ಮಡಿ ನೋಡಿದರೆ ನನಗೆ ಸಿಟ್ಟೇ ಬರುತ್ತಿತ್ತು.

ಡಾಕ್ಟರು ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಯಂತ್ರದ ಹಿಡಿಯನ್ನು ಬಲಗಡೆ ಒತ್ತಿದರು. ಬೂದು ಬಣ್ಣದ ಕರುಳು ಕಂಡಿತು. ಆಮೇಲೆ ರಕ್ತದ ಓಟ ತೋರಿಸುವ ಗುಂಡಿ ಒತ್ತಿದರು. ಹಿಂದಿನ ಸಲ ಕೆಂಪು ತುಂಬಿಹೋಗಿದ್ದ ಜಾಗದಲ್ಲೀಗ ಒಂದೆರಡು ಚುಕ್ಕೆ ಮಿನುಗಿ ಆರಿದವು. ನಾನು ಬಿಗಿಹಿಡಿದ ಉಸಿರು ಬಿಟ್ಟೆ.

ಅವ್ವ ಸೆರಗು ಬಾಯಿಗಿಟ್ಟು ಅಳತೊಡಗಿದಳು.

"ಯಾಕ ಅಳ್ತೀರಿ ಆಯಿ? ಬಾವು ಇಳದೈತಿ," ಎಂದರು ಡಾಕ್ಟರು.

"ರಕ್ತ ಎಲ್ಲಿ ಹೋತ್ರಿ ಸಾಹೇಬ್ರ? ಮೊದಲ ಎಷ್ಟ ಕೆಂಪಿತ್ತು! ಸಂಡಾಸದಾಗ ಹೋಗಿ ಹೋಗಿ ಎಲ್ಲಾ ಖಾಲಿ ಆತೇನ್ರಿ?"

"ಹಂಗಲ್ರಿ ಆಯಿ. ಕರುಳಿಗೆ ಬ್ಯಾನಿ ಇದ್ರ ಅದರ ಗ್ವಾಡ್ಯಾಗ ರಕ್ತ ಭಾಳ ಓಡತೈತಿ, ಕೆಂಪ ಕಾಣತೈತಿ. ಕೆಂಪ ಕಡಿಮಿ ಆದ್ರ ಛಲೋ. ಈಗ ಆಪರೇಷನ್ ಬ್ಯಾಡ. ಇಂಜೆಕ್ಷನ್ ಮಾತ್ರ ಬಿಡಬ್ಯಾಡ್ರಿ."

ಅವ್ವ ಅಳು ನಿಲ್ಲಿಸಿ ಪರದೆಯನ್ನೇ ನೋಡುತ್ತ ನಿಂತಳು.

ಬಸ್ ಸ್ಟ್ಯಾಂಡಿನ ಹತ್ತಿರ ಅವಳಿಗೊಂದು ಜೋಡು ಚಪ್ಪಲಿ ಕೊಂಡೆ. "ತಗೋ, ಹರಕಿ ಮುಗೀತು. ಹಾಕ್ಕೋ."

"ಎಲ್ಲಿ ಮುಗೀತು? ನಾ ಬೇಡಿದ್ದ ಬ್ಯಾರೇನ."

"ಮತ್ತೇನ ಬೇಡಿದ್ದಿ?"

"ಇನ್ನಷ್ಟ ರಕ್ತ ತುಂಬಿ ಆ ಟೀವ್ಯಾಗ ನಿನ್ನ ಹೊಟ್ಟಿ ತುಂಬ ಕೆಂಪ ಕಾಣಲಿ, ಅಲ್ಲೀತನ ಚಪ್ಪಲಿ ಮೆಟ್ಟಂಗಿಲ್ಲ ಅಂತ."

ಅಯ್ಯೋ ಶಿವನೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ಈ ಮುದುಕಿ ಕಾಲು ಸುಟ್ಟುಕೊಂಡದ್ದು ನನ್ನ ರೋಗ ಹೆಚ್ಚಾಗಲಿ ಎಂದು! ಆದರೂ ಬಾಯಿಂದ ಬಂದದ್ದು ಗೊಣಗಾಟವೇ. "ಬೀರಪ್ಪ ನಿನ್ನ ಮಾತ ಕೇಳಲಿಲ್ಲ, ಬಿಡು ಅತ್ಲಾಗ. ಹಾಕ್ಕೋ."

ಅವ್ವ ಕುಳಿತು ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡಳು.

"ಕೇಳಲಿಲ್ಲ ಅಂತನ ನೀ ಉಳದಿ," ಎಂದಳು. "ನಾ ಬೇಡಿದ್ದ ಕೊಟ್ಟಿದ್ರ ನಿನ್ನ ಕರುಳ ಕೊಯ್ತಿದ್ರು. ಅಂಥಾ ದೇವರಿಗೆ ಹೊಸಾ ಚಪ್ಪಲಿ ಮೆಟ್ಟಿ ಹ್ಯಾಂಗ ಮಾರಿ ತೋರಸ್ಲಿ?"

ಅಕ್ಕಲಕೋಟದ ಬಸ್ಸು ಬಂತು. ಅವಳು ಚಪ್ಪಲಿಯನ್ನು ನನ್ನ ಚೀಲಕ್ಕೆ ತುರುಕಿ, ಸುಡುವ ನೆಲದ ಮೇಲೆ ಬರಿಗಾಲಲ್ಲೇ ಓಡಿ, ಜನರ ನಡುವೆ ನುಗ್ಗಿ ಸೀಟು ಹಿಡಿದಳು. ಬಾಗಿಲ ಪಕ್ಕದ ಸೀಟು, ಹೊಟ್ಟೆ ಕೆಟ್ಟರೆ ನಾನು ಬೇಗ ಇಳಿಯಲೆಂದು.