ಶೀಘ್ರಸ್ಖಲನಕ್ಕೆ ಮದ್ದು ಕೇಳಲು ಬಂದ ಹೆಂಡತಿ

ಕೋವಿಡ್ ವಾರ್ಡನ್ನು ಮುಚ್ಚಿ ಮಂಚಗಳನ್ನೆಲ್ಲ ಉಗ್ರಾಣಕ್ಕೆ ಸಾಗಿಸಿದ ಮರುವರ್ಷ. ನಾನಾಗ ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ. ಬಿ.ಪಿ., ಶುಗರ್ ಇರುವವರನ್ನು ನೋಡುವ ಕೊಠಡಿ ನನ್ನದು. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಹೆಂಗಸು ಡಾಕ್ಟರ ಮುಂದೆ ಗಂಡಸರು ಮಂಡಿನೋವಿನಿಂದ ಹಿಡಿದು ಕುಡಿತದವರೆಗೆ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ, ಹಾಸಿಗೆಯ ವಿಷಯ ಮಾತ್ರ ಎತ್ತುವುದಿಲ್ಲ. ನನ್ನ ಸೇವಾವಧಿಯಲ್ಲಿ ಆ ಮಾತನ್ನು ಅಳುಕದೆ ಎತ್ತಿದವಳು ಒಬ್ಬ ಹೆಂಗಸು. ಅವಳನ್ನಿಲ್ಲಿ ಮಂಜುಳ ಎನ್ನುತ್ತೇನೆ, ಅವಳ ಗಂಡನನ್ನು ಸಿದ್ದರಾಜು ಎನ್ನುತ್ತೇನೆ. ಹೆಸರು ಬದಲಿಸಿ ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಮಂಜುಳ ಮದ್ದೂರಿನ ಬಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ತಲೆನೋವೆಂದು ಚೀಟಿ ಮಾಡಿಸಿಕೊಂಡು ಬಂದು ಕೂತಳು. ಬಿ.ಪಿ. ಸರಿಯಾಗಿಯೇ ಇತ್ತು. ನರ್ಸ್ ಹೊರಗೆ ಹೋಗುವುದನ್ನೇ ಕಾದಿದ್ದವಳು ಚೀಲದಿಂದ ಹೆಸರಿಲ್ಲದ ಒಂದು ಪುಡಿಯ ಪೊಟ್ಟಣ ತೆಗೆದಿಟ್ಟಳು. ಗಂಡ ಬೆಸಗರಹಳ್ಳಿ ಕಡೆಯ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವ ಕೆಲಸದವನು. ತಿಂಗಳುಗಳಿಂದ ಅಲ್ಲೇ ಮಲಗುತ್ತಿದ್ದಾನೆ. ಮನೆಗೆ ಬಂದರೂ ಉಂಡು ಎದ್ದು ಹೋಗುತ್ತಾನೆ. ಅವನಿಗೆ ಊಟ ಕೊಡಲು ಹೋದಾಗ ಸೌದೆ ರಾಶಿಯ ಹಿಂದೆ ಈ ಪೊಟ್ಟಣ ಸಿಕ್ಕಿತಂತೆ. ಗಂಡಸರ ಬಲಕ್ಕೆಂದು ಡೇರೆಗಳಲ್ಲಿ ಮಾರುವ ಪುಡಿ ಅದೆಂದು ನೋಡಿದೊಡನೆ ತಿಳಿಯಿತಂತೆ.

"ಬೇರೆ ಯಾವಳೋ ಅವ್ಳೆ ಅನ್ಕಂಡಿದ್ದೆ ಡಾಕ್ಟ್ರಮ್ಮ," ಎಂದಳು. "ಇದ್ನ ನೋಡುದ್ಮ್ಯಾಕೆ ಗೊತ್ತಾಯ್ತು. ಅವ್ರಿಗೆ ಬ್ಯಾಗ ಮುಗ್ದೋಯ್ತದೆ. ಮೊದ್ಲು ಇಂಗಿರ್ನಿಲ್ಲ. ಇದುಕ್ಕೆ ಮದ್ದೈತಾ?"

ಇದ್ದಕ್ಕಿದ್ದಂತೆ ಮೌನವಾದ ಗಂಡನೊಡನೆ ಬಾಳಲಾರದೆ ಮಗಳನ್ನು ಕರೆದುಕೊಂಡು ಮಳವಳ್ಳಿಯ ತವರಿಗೆ ಹೋಗಿಬಿಡಲು ಅವಳು ತೀರ್ಮಾನಿಸಿದ್ದಳು. ಬಟ್ಟೆ ಕಟ್ಟಿಟ್ಟಿದ್ದಾಗಿತ್ತು. ಹೊರಡುವ ಮೊದಲು ಒಮ್ಮೆ ಕೇಳಿಬಿಡೋಣವೆಂದು ಬಂದಿದ್ದಳು.

"ಮೊದಲು ಹೀಗಿರಲಿಲ್ಲ" ಎಂಬ ಮಾತು ನನ್ನ ಕಿವಿಯಲ್ಲಿ ನಿಂತಿತು. ಶೀಘ್ರಸ್ಖಲನ ಗಂಡಸರಲ್ಲಿ ತೀರ ಸಾಮಾನ್ಯವಾದ ತೊಂದರೆ. ಕೆಲವರಿಗೆ ಮೊದಲಿನಿಂದಲೂ ಇರುತ್ತದೆ. ಆದರೆ ವರ್ಷಗಟ್ಟಲೆ ಚೆನ್ನಾಗಿದ್ದವನಿಗೆ ನಡುವೆ ಬಂದರೆ ಹಿಂದೆ ಬೇರೇನಾದರೂ ಇದೆಯೇ ಎಂದು ಹುಡುಕಬೇಕು. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಗ್ರಂಥಿಯ ಸೋಂಕು, ನಿಮಿರುವಿಕೆಯ ತೊಂದರೆ, ಮನಸ್ಸಿನ ಒತ್ತಡ, ಯಾವುದೂ ಇರಬಹುದು. ಪುಡಿಯನ್ನು ನಿಲ್ಲಿಸಿ, ಬಿ.ಪಿ. ನೋಡಿಸುವ ನೆಪದಲ್ಲಿ ಅವನನ್ನು ಕರೆದುಕೊಂಡು ಬಾ ಎಂದೆ. ಅವನು ಬರುವುದಿಲ್ಲ ಎಂದಳು. ಒಂದು ವಾರ ತವರಿಗೆ ಹೋಗಬೇಡ ಎಂದು ಕೇಳಿಕೊಂಡೆ.

ಅವನು ಬಂದದ್ದು ಹೆಂಡತಿಯ ಮಾತಿಗಲ್ಲ. ಕುದಿಯುವ ಕೊಪ್ಪರಿಗೆಯ ಮುಂದೆ ನಿಂತಿದ್ದಾಗ ಎದೆ ಡವಗುಟ್ಟಿ ಕಣ್ಣು ಕತ್ತಲಿಟ್ಟಿತಂತೆ. ಪಕ್ಕದವನು ತೋಳು ಹಿಡಿದೆಳೆಯದಿದ್ದರೆ ಪಾಕದೊಳಕ್ಕೇ ಬೀಳುತ್ತಿದ್ದ. ಆಲೆಮನೆಯ ಯಜಮಾನರೇ ಆಟೋದಲ್ಲಿ ಕಳಿಸಿದ್ದರು. ಮಂಜುಳ ಕೆಲಸ ಬಿಟ್ಟು ಓಡಿಬಂದಿದ್ದಳು.

ಎತ್ತರದ ಆಳು, ಷರಟು ಮೈಮೇಲೆ ಜೋತಾಡುತ್ತಿತ್ತು. ಫ್ಯಾನಿನ ಕೆಳಗೂ ಬೆವರು. ನಾಡಿ ಓಡುತ್ತಿತ್ತು. ಕೈ ಮುಂದೆ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟೆ, ಅದು ಸಣ್ಣಗೆ ಅದುರತೊಡಗಿತು. ಉಗುಳು ನುಂಗು ಎಂದಾಗ ಕತ್ತಿನ ಮುಂಭಾಗದಲ್ಲಿ ಸಣ್ಣ ಊತ ಮೇಲೆ ಕೆಳಗೆ ಆಡಿತು. ಹಸಿವು ಹೇಗಿದೆ ಎಂದರೆ ಮೊದಲಿಗಿಂತ ಜಾಸ್ತಿ ಉಣ್ಣುತ್ತೇನೆ, ಮೈ ಹತ್ತುತ್ತಿಲ್ಲ ಎಂದ. ಬೆವರಿಗೂ ಸೊರಗಿದ್ದಕ್ಕೂ ಒಲೆಯ ಮುಂದಿನ ಕೆಲಸವೇ ಕಾರಣವೆಂದು ಎಲ್ಲರೂ ನಂಬಿದ್ದರು.

ಮಂಜುಳಳನ್ನು ಹೊರಗೆ ಕೂರಿಸಿ, ಜ್ವರದ ಬಗ್ಗೆ ವಿಚಾರಿಸುವ ದನಿಯಲ್ಲೇ ಕೇಳಿದೆ: ಹೆಂಡತಿ ಜೊತೆ ಸೇರುವಾಗ ಬೇಗ ಆಗಿಹೋಗುತ್ತದೆಯೇ? ಅವನು ಗೋಡೆ ನೋಡುತ್ತಲೇ ಹೌದೆಂದ. ಆಮೇಲೆ ಒಂದೊಂದಾಗಿ ಹೊರಬಂತು. ನರದೌರ್ಬಲ್ಯ ಎಂದು ಯಾರೋ ಹೇಳಿದರಂತೆ. ಬೆಳ್ಳುಳ್ಳಿ ಬೇಯಿಸಿದ ಹಾಲು, ಈರುಳ್ಳಿ ರಸಕ್ಕೆ ಜೇನು, ನುಗ್ಗೆ ಹೂವಿನ ಪಲ್ಯ ಎಲ್ಲ ಆಯಿತು. ಮೊಬೈಲಿನಲ್ಲಿ ನೋಡಿ ಅಶ್ವಗಂಧದ ಪುಡಿಯನ್ನು ಚಮಚಗಟ್ಟಲೆ ಹಾಲಿಗೆ ಹಾಕಿ ಕುಡಿದ. ಕೊನೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಡೇರೆ ಹಾಕಿದ್ದವನೊಬ್ಬನಿಂದ ಆ ಪೊಟ್ಟಣ ತಂದ. "ಗಂಡ್ಸ್ತನವೇ ಓಯ್ತು ಅನ್ಕಂಡು ಆಲೆಮನೇಲೆ ಬಿದ್ಕಂಡಿದ್ದೆ," ಎಂದ.

ರಕ್ತಪರೀಕ್ಷೆ ನನ್ನ ಅನುಮಾನವನ್ನು ಖಚಿತಪಡಿಸಿತು. ಹೈಪರ್‌ಥೈರಾಯ್ಡಿಸಂ, ಅಂದರೆ ಕತ್ತಿನ ಥೈರಾಯ್ಡ್ ಗ್ರಂಥಿ ಬೇಕಾದುದಕ್ಕಿಂತ ಹೆಚ್ಚು ಹಾರ್ಮೋನ್ ಸುರಿಸುವ ಸ್ಥಿತಿ. ಇಡೀ ದೇಹ ಓಟಕ್ಕೆ ಬಿದ್ದಂತಾಗುತ್ತದೆ. ಎದೆ, ಕೈ, ಹೊಟ್ಟೆಯ ಜೊತೆಗೆ ವೀರ್ಯಸ್ಖಲನವೂ ಆ ಓಟಕ್ಕೆ ಸಿಕ್ಕುತ್ತದೆ. ಬೆಳ್ಳುಳ್ಳಿ, ನುಗ್ಗೆ ಅವನಿಗೆ ಕೆಡುಕು ಮಾಡಿರಲಿಲ್ಲ, ಉಪಕಾರವನ್ನೂ ಮಾಡಿರಲಿಲ್ಲ. ಅಶ್ವಗಂಧದ ಮಾತು ಬೇರೆ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಇಂಥವರು ಅದನ್ನು ಮುಟ್ಟಬಾರದು. ಹೆಸರಿಲ್ಲದ ಪೊಟ್ಟಣದಲ್ಲಿ ಏನಿತ್ತೋ ನನಗಿಂದಿಗೂ ಗೊತ್ತಿಲ್ಲ.

ಹೆಂಡತಿಗೂ ಹೇಳಲು ಅವನು ಒಪ್ಪಿದ ಮೇಲೆ ಮಂಜುಳಳನ್ನು ಒಳಗೆ ಕರೆದು ಇಬ್ಬರನ್ನೂ ಎದುರು ಕೂರಿಸಿ ವಿವರಿಸಿದೆ. ಸಿದ್ದರಾಜು ತಲೆ ಬಗ್ಗಿಸಿಕೊಂಡೇ, ಈ ಕಾರಣಕ್ಕೇ ನೀನು ಬಿಟ್ಟು ಹೊರಟಿದ್ದೆಯಲ್ಲ ಎಂದ.

"ಅದುಕ್ಕಲ್ಲ ನಾನು ಒಂಟಿದ್ದು," ಎಂದಳು ಅವಳು. "ನೀನು ಮಾತಾಡದ್ನೆ ಬುಟ್ಬುಟ್ಯಲ್ಲ, ಅದುಕ್ಕೆ."

ಹೊರಗಿನ ಸಾಲಿನಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದರು. ನಾನು ತೆಗೆಯಲಿಲ್ಲ.

ಮಂಡ್ಯದ ತಜ್ಞರೊಬ್ಬರ ಸಲಹೆ ಪಡೆದು ಗ್ರಂಥಿಯನ್ನು ಹತೋಟಿಗೆ ತರುವ ಮಾತ್ರೆ, ಎದೆಬಡಿತ ತಗ್ಗಿಸುವ ಮಾತ್ರೆ ಶುರುಮಾಡಿದೆವು. ಆಗಾಗ ರಕ್ತ ನೋಡಿಸಬೇಕು, ಗ್ರಂಥಿಯ ಮಾತ್ರೆ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಇಳಿಸಬಹುದಾದ್ದರಿಂದ ಗಂಟಲುನೋವು ಜ್ವರ ಬಂದರೆ ಕೂಡಲೇ ಓಡಿಬರಬೇಕು ಎಂದು ಎಚ್ಚರಿಸಿದೆ. ಕೈ ನಡುಕ ನಿಲ್ಲುವವರೆಗೆ ಒಲೆಯ ಹತ್ತಿರ ಹೋಗಬೇಡ ಎಂದೆ. ಯಜಮಾನರು ಅವನನ್ನು ಬೆಲ್ಲ ತುಂಬುವ ಕಡೆಗೆ ಹಾಕಿದರು.

ನಡುಕ ಹೋಯಿತು, ಮೈ ತುಂಬಿತು. ಮೂಲ ತೊಂದರೆ ಅರ್ಧದಷ್ಟು ಕಡಿಮೆಯಾಯಿತು, ಅಷ್ಟಕ್ಕೇ ನಿಂತಿತು. ಇನ್ನುಳಿದದ್ದು ಭಯ. ಈ ಸಲವೂ ಹಾಗೇ ಆಗುತ್ತದೆಂಬ ಅಂಜಿಕೆಯೇ ಹಾಗೆ ಮಾಡಿಸುತ್ತಿತ್ತು. ಇಬ್ಬರನ್ನೂ ಕರೆಸಿ, ಮನೆಮದ್ದು ಹುಡುಕಿದಿರಲ್ಲ, ಈಗ ನಾನು ಕೊಡುತ್ತೇನೆ ಎಂದೆ. ಮೂತ್ರವನ್ನು ನಡುವೆ ತಡೆಯಲು ಬಳಸುವ ಸ್ನಾಯು ಯಾವುದೆಂದು ಗುರುತಿಸಿಕೊಂಡು, ಸುಮ್ಮನೆ ಕೂತಾಗ ಅದನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮ. ಮತ್ತೊಂದು, ಆತುರ ಏರಿತೆನಿಸಿದಾಗ ನಿಲ್ಲಿಸಿ, ತಣ್ಣಗಾದ ಮೇಲೆ ಮುಂದುವರಿಯುವ ಅಭ್ಯಾಸ. ಇದಕ್ಕೆ ಇಬ್ಬರ ತಾಳ್ಮೆಯೂ ಬೇಕು, ವಾರಗಟ್ಟಲೆ ಬೇಕು. ಇದಕ್ಕೂ ಬಗ್ಗದಿದ್ದರೆ ವೈದ್ಯರ ಬಳಿ ಮಾತ್ರೆ, ಮುಲಾಮುಗಳಿವೆ, ನಾಚಬೇಕಿಲ್ಲ ಎಂದೂ ಹೇಳಿದೆ. ಮಂಜುಳ ಕೇಳಿಸಿಕೊಂಡಳು. ಸಿದ್ದರಾಜು ನೆಲ ನೋಡುತ್ತಾ ನಕ್ಕ. ಆ ನಗುವನ್ನು ಅವನ ಮುಖದಲ್ಲಿ ನಾನು ನೋಡಿದ್ದು ಅದೇ ಮೊದಲು.

ಅದಕ್ಕೆಂದು ಮಾತ್ರೆ, ಮುಲಾಮು ಬೇಕಾಗಲಿಲ್ಲ. ಅವನು ಮನೆಯಲ್ಲೇ ಮಲಗುತ್ತಿದ್ದಾನೆಂದು ಮಂಜುಳ ಒಂದು ದಿನ ಹೇಳಿಹೋದಳು, ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ನಾನು ನಿವೃತ್ತಳಾಗುವ ಸ್ವಲ್ಪ ಮೊದಲು ಸಿದ್ದರಾಜು ಇನ್ನೊಬ್ಬನನ್ನು ಕರೆತಂದ. ಹೊಳಲು ಊರಿನವನು, ಸಿದ್ದರಾಜುವಿನ ಸಂಬಂಧಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು ಬಾಗಿಲ ಕಡೆಯೇ ನೋಡುತ್ತಿದ್ದ. ಸಿದ್ದರಾಜು ಅವನ ಹೆಗಲ ಮೇಲೆ ಕೈಯಿಟ್ಟು, "ನಂಗೂ ಇದೇ ಆಗಿತ್ತು ಕಣ್ಲಾ. ನಾಚ್ಕಬ್ಯಾಡ, ಡಾಕ್ಟ್ರಮ್ಮನ್ ತಾವ ಬಾಯ್ಬುಟ್ಟು ಏಳು," ಎಂದು ಹೊರಗೆ ಹೋಗಿ ಕೂತ.

ಅಷ್ಟು ವರ್ಷದ ಕೆಲಸದಲ್ಲಿ ಗುಣವಾದವರು ಹಣ್ಣು ತಂದಿದ್ದಾರೆ, ಎಳನೀರು ತಂದಿದ್ದಾರೆ. ತನ್ನ ಗುಟ್ಟನ್ನೇ ಇನ್ನೊಬ್ಬನ ಧೈರ್ಯಕ್ಕಾಗಿ ಬಿಟ್ಟುಕೊಟ್ಟವನು ಅವನೊಬ್ಬನೇ. ಆ ಗಂಡಹೆಂಡಿರಿಗೆ ನಾನು ಋಣಿ. ಮಂಜುಳ ಬಂದಂದಿನಿಂದ ಬಿ.ಪಿ. ನೋಡಿಸಲು ಬರುವ ಪ್ರತಿ ಗಂಡಸಿಗೂ ನಿದ್ರೆ ಹೇಗಿದೆ, ಊಟ ಹೇಗಿದೆ ಎಂದು ಕೇಳಿದ ಮೇಲೆ, ಅದೇ ದನಿಯಲ್ಲಿ ಗಂಡಹೆಂಡತಿ ಹೇಗಿದ್ದೀರಿ ಎಂದೂ ಕೇಳುತ್ತಿದ್ದೆ. ಹೆಚ್ಚಿನವರು ಚೆನ್ನಾಗಿದ್ದೇವೆ ಎನ್ನುತ್ತಿದ್ದರು. ಕೆಲವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು, ಮತ್ತೆ ಕೂರುತ್ತಿದ್ದರು.