ಲಿಸಿಲ್ಲಾ ಕಿವಿ ಮುಚ್ಚಿಕೊಂಡ ಸಂಜೆ

ಫರಾಯ್ ಊರಿನ ಸಂತೆಕಟ್ಟೆಯ ನಡುವೆ ಹರ್ಮೀಸ್ ದೇವರು ನಿಂತಿದ್ದಾನೆ. ಕೈಯಿಲ್ಲ, ಕಾಲಿಲ್ಲ; ಚೌಕದ ಕಲ್ಲುಕಂಬ, ಅದರ ಮೇಲೊಂದು ಗಡ್ಡದ ಮುಖ, ಅಷ್ಟೇ. ಪ್ರಶ್ನೆ ಇದ್ದವರು ಸಂಜೆ ಬಂದು ಧೂಪ ಹಾಕಿ, ದೀಪಗಳಿಗೆ ಎಣ್ಣೆ ಎರೆದು, ಕಂಚಿನ ಕಾಸೊಂದನ್ನಿಟ್ಟು ಅವನ ಕಿವಿಯಲ್ಲಿ ಪಿಸುಗುಟ್ಟಬೇಕು. ಆಮೇಲೆ ತಮ್ಮ ಕಿವಿಗಳನ್ನು ಮುಚ್ಚಿಕೊಂಡು ಸಂತೆಯಿಂದಾಚೆ ನಡೆಯಬೇಕು. ಹೊರಗೆ ಬಂದು ಕೈ ತೆಗೆದಾಗ ಮೊದಲು ಕೇಳಿಸಿದ ಮಾತು ಯಾರದ್ದೇ ಆಗಲಿ, ಅದೇ ದೇವರ ಉತ್ತರ.

ತೊಂದರೆ ಏನೆಂದರೆ, ಸಂತೆಬಾಗಿಲಿನಾಚೆಗೇ ಲಿಸಿಲ್ಲಾ ಕೂರುತ್ತಿದ್ದಳು. ಗಂಡ ತೀರಿಕೊಂಡ ವರ್ಷ ಅಲ್ಲಿ ಒಲೆ ಹೂಡಿದವಳು ಮೂವತ್ತು ವರ್ಷದಿಂದ ಮಸೂರಬೇಳೆಯ ಸಾರು ಮಾರುತ್ತಿದ್ದಳು. ದೇವರು ಅವಳಿಗೆ ಕೊಟ್ಟದ್ದು ಗಂಟಲೊಂದೇ, ಆದರೆ ಧಾರಾಳವಾಗಿ ಕೊಟ್ಟಿದ್ದ. ಹೀಗಾಗಿ ಊರಿಗೆ ಸಿಕ್ಕ ಉತ್ತರಗಳಲ್ಲಿ ಅರ್ಧ ಅವಳವೇ. "ಬಿಸಿ ಇದೆ, ಹುಷಾರು!" ಎಂದದ್ದನ್ನು ಕೇಳಿ ಒಬ್ಬ ಹಡಗು ಹತ್ತುವುದನ್ನೇ ಬಿಟ್ಟ. "ಇನ್ನೊಂದು ಸೌಟು ಹಾಕ್ಲಾ?" ಎಂದದ್ದಕ್ಕೆ ಒಬ್ಬಳು ಎರಡನೆಯ ಮದುವೆಯಾದಳು, ಸುಖವಾಗಿಯೇ ಇದ್ದಾಳೆ. ಲಿಸಿಲ್ಲಾ ಮಾತ್ರ ದೇವರನ್ನು ಒಮ್ಮೆಯೂ ಏನೂ ಕೇಳಿದವಳಲ್ಲ. ಗಡಿಗೆ ಉಜ್ಜುವಾಗ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು: ಮಾತಾಡಿದ್ದು ಅವನೋ, ನಾನೋ?

ಕರೋಪಿನೋಸ್ ಎಂಬ ದೊಡ್ಡ ಹೊಟ್ಟೆಯ ದೊಡ್ಡ ಮನುಷ್ಯ ಒಂದು ಸಂಜೆ, "ಈ ವರ್ಷ ಊರ ಸಭೆಗೆ ನಾನು ಯಜಮಾನನಾಗುತ್ತೇನೆಯೇ?" ಎಂದು ಸಂತೆಗೆಲ್ಲ ಕೇಳಿಸುವ ಪಿಸುಮಾತಿನಲ್ಲಿ ದೇವರನ್ನು ಕೇಳಿ ಹೊರಬಂದು ಕೈ ತೆಗೆದ. "ಇನ್ನೂ ಬೆಂದಿಲ್ಲ, ನಾಳೆ ಬಾ!" ಎಂದು ಲಿಸಿಲ್ಲಾ ಯಾರಿಗೋ ಕೂಗಿದಳು. ಊರು ಬಿದ್ದು ಬಿದ್ದು ನಕ್ಕಿತು. ಆ ವರ್ಷ ಅವನ ಬೇಳೆ ಬೇಯಲಿಲ್ಲ. ಮರುವರ್ಷ ಹೇಗೋ ಆರಿಸಿ ಬಂದವನು ಮೊದಲು ಕೈ ಹಾಕಿದ್ದು ಅವಳ ಒಲೆಗೇ.

"ನಿನ್ನ ಬಾಯಿಂದ ದೇವರ ಮರ್ಯಾದೆ ಹೋಗ್ತಿದೆ. ನಾಳೆಯಿಂದ ಹೊಳೆದಂಡೇಲಿ ಒಲೆ ಹಾಕ್ಕೋ."

"ಅಲ್ಲಿ ಸಾರು ಯಾರು ಕುಡೀತಾರೆ ಯಜಮಾನ್ರೇ, ಮೀನುಗಳಾ?"

"ಅದು ನಿನ್ನ ಹಣೆಬರ."

"ಹಂಗಾದ್ರೆ ಬರೆದೋನನ್ನೇ ಕೇಳ್ತೀನಿ. ಹೋಗು ಅಂದ್ರೆ ಗಡಿಗೆ ಹೊತ್ಕೊಂಡು ಹೊರಡ್ತೀನಿ. ಇರು ಅಂದ್ರೆ?"

"ಇರು. ಎಲ್ಲರ ಮುಂದೆ ಮಾತು ಕೊಟ್ಟಿದೀನಿ, ಸಾಕಾ?" ಎಂದ ಕರೋಪಿನೋಸ್. ಮಾತು ಕೊಟ್ಟವನೇ ಹೋಗಿ, ಹತ್ತು ಜನ ನೆಂಟರನ್ನು ಬಾಗಿಲಾಚೆ ಸಾಲಾಗಿ ನಿಲ್ಲಿಸಿದ.

ಆ ಸಂಜೆ ಲಿಸಿಲ್ಲಾ ಎಣ್ಣೆ ಎರೆದು, ಕಾಸಿಟ್ಟು, ಮೊದಲ ಬಾರಿಗೆ ದೇವರ ಕಿವಿಯ ಹತ್ತಿರ ಬಾಗಿದಳು. "ಸ್ವಾಮೀ, ಇಷ್ಟು ವರ್ಷ ನೀನು ನನ್ನ ಬಾಯಿ ಎರವಲು ತಗೊಂಡ್ಯೋ ಇಲ್ವೋ, ನಂಗೊತ್ತಿಲ್ಲ. ಇವತ್ತು ನಂಗೊಂದು ಬಾಯಿ ಕೊಡು. ನಾನೆಲ್ಲಿ ಕೂರ್ಲಿ?"

ಕಿವಿ ಮುಚ್ಚಿಕೊಂಡು ಹೊರಬಂದಳು. ಎದುರಿಗೆ ಹತ್ತು ಬಾಯಿಗಳು ಒಟ್ಟಿಗೆ ತೆರೆದವು. ಏನು ಕೂಗುತ್ತಿದ್ದಾರೆಂದು ತಿಳಿಯಲು ಕಿವಿ ಬೇಕಿರಲಿಲ್ಲ. ಹೊರಗೆ ಬಂದ ಮೇಲೆ ಕೈ ತೆಗೆಯಬೇಕು ಎಂಬುದು ನಿಯಮ ನಿಜ. ಆದರೆ ಎಷ್ಟು ಹೊರಗೆ ಎಂದು ಯಾರೂ ಕಲ್ಲಿನಲ್ಲಿ ಕೆತ್ತಿಸಿರಲಿಲ್ಲ. ಲಿಸಿಲ್ಲಾ ನಡೆಯುತ್ತಲೇ ಇದ್ದಳು.

ಕುಂಬಾರರ ಓಣಿ ದಾಟಿತು, ನೀರಿನ ಬುಗ್ಗೆ ದಾಟಿತು. ನೆಂಟರು "ಹೋಗು! ಹೋಗು!" ಎಂದು ಅರಚುತ್ತಾ ಹಿಂದೆ ಬಿದ್ದರು. ಅವರ ಹಿಂದೆ ಇಡೀ ಊರು. "ಹೋಗ್ತಾನೇ ಇದಾಳಲ್ರೋ, ಇನ್ನೆಷ್ಟು ಹೋಗ್ಬೇಕು!" ಎಂದು ಯಾರೋ ಕುಟುಕಿದರು. ಆಲಿವ್ ತೋಪಿನ ಏರು ಬರುವಷ್ಟರಲ್ಲಿ ಅವಳ ತೋಳುಗಳು ಸೀಸದಂತೆ ಭಾರವಾಗಿದ್ದವು. ತಿರುಗಿ ನೋಡಿದಳು. ಹತ್ತು ಬಾಯಿಗಳೂ ತೆರೆದೇ ಇದ್ದವು, ಆದರೆ ಉಸಿರಿಗಾಗಿ. ಕರೋಪಿನೋಸ್ ಮೊಣಕಾಲಿಗೆ ಕೈಯೂರಿ ಕೆಮ್ಮುತ್ತಿದ್ದ.

ಲಿಸಿಲ್ಲಾ ಕೈ ತೆಗೆದಳು.

ಅದೇ ಹೊತ್ತಿಗೆ ತಿರುವಿನಿಂದ ಒಬ್ಬ ಹೇಸರಗತ್ತೆಯವನು ಬಂದ. ಮೈಯೆಲ್ಲ ಪಾತ್ರಾಯ್ ಪಟ್ಟಣದ ದಾರಿಯ ಧೂಳು. ಈ ಊರಿನ ಯಾರಿಗೂ ನೆಂಟನಲ್ಲ. ದಾರಿ ತುಂಬಿದ್ದ ಜನರನ್ನು ನೋಡಿ ಕೂಗಿದ: "ಸಂತೆಬಾಗಿಲಲ್ಲಿ ಸಾರಿನಕ್ಕ ಕೂತಿರ್ತಾಳೆ, ಒಲೆ ಆರೋದ್ರೊಳಗೆ ಮುಟ್ಬೇಕು, ದಾರಿ ಬಿಡ್ರಪ್ಪಾ!"

ತೋಪಿನಲ್ಲಿ ಎದ್ದ ಕೇಕೆಗೆ ಹೇಸರಗತ್ತೆ ಬೆದರಿ ಎರಡು ಹೆಜ್ಜೆ ಹಿಂದೆ ಸರಿಯಿತು. ಪಾಪದ ಮನುಷ್ಯ ತಾನೇನು ತಪ್ಪು ಮಾಡಿದೆನೋ ಎಂದು ಮಿಕಿಮಿಕಿ ನೋಡಿದ. ಅವನ ಆ ಮುಖ ನೋಡಿ ಲಿಸಿಲ್ಲಾಳ ಕಣ್ಣು ತುಂಬಿತು. ದೇವರ ಉತ್ತರ ತನ್ನ ಬಾಯಿಂದ ಬಂತೆಂದು ಆಡಿದವನಿಗೇ ಗೊತ್ತಿಲ್ಲ! ಅವಳಿಗೂ ಇಷ್ಟು ವರ್ಷ ಗೊತ್ತಿರಲಿಲ್ಲ.

ಕರೋಪಿನೋಸ್ ಬೆರಳೆತ್ತಿ ತಕರಾರು ತೆಗೆಯಲು ಹೋದ. ಗಂಟಲಿಂದ ತಿದಿಯೂದಿದಂತೆ ಗಾಳಿಯಷ್ಟೇ ಬಂತು. ಊರಿನವರು ಲಿಸಿಲ್ಲಾಳನ್ನು ಹೇಸರಗತ್ತೆಯ ಮೇಲೆ ಕೂರಿಸಿ, ಪಂದ್ಯ ಗೆದ್ದ ಜಟ್ಟಿಗೆ ಹಾಕುವಂತೆ ಆಲಿವ್ ಎಲೆಯ ದಂಡೆ ತಲೆಗೆ ಸುತ್ತಿ, ಹಾಡುತ್ತಾ ಹಿಂದಕ್ಕೆ ಕರೆತಂದರು.

ಅವಳು ಬೂದಿ ಕೆದಕಿ ಒಲೆ ಊದಿದಳು. ಮೊದಲ ಬಟ್ಟಲು ಹೇಸರಗತ್ತೆಯವನಿಗೆ. ಎರಡನೆಯದಕ್ಕೆ ತಳದ ಗಟ್ಟಿಯನ್ನೇ ತೋಡಿ, ಜೇನು ಬೆರೆಸಿ, ಕರೋಪಿನೋಸ್‌ನ ಕೈಗಿತ್ತಳು.

"ಕುಡೀರಿ ಯಜಮಾನ್ರೇ, ಗಂಟಲಿಗೆ ಒಳ್ಳೇದು. ಈ ಜಾಗ ನಂದೇ ಅಂತ ನಾಳೆ ಸಭೇಲಿ ಕೂಗಿ ಹೇಳ್ಬೇಕಲ್ಲ!"

ಬಟ್ಟಲು ಬಿಸಿಯಿತ್ತು, ಊರೆಲ್ಲ ನೋಡುತ್ತಿತ್ತು. ಅವನು ಒಂದು ಗುಟುಕು ಕುಡಿದು, ಹೌದೆಂದು ತಲೆಯಾಡಿಸಿದ.