ಅಪ್ಪನ ಹೆಬ್ಬೆರಳು ಮತ್ತು ನಾನು ಸಾಕಿದ ವೈರಸ್

ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಅಥಣಿಗೆ ಮರಳಿ ಕಾಲೇಜಿನಲ್ಲಿ ಮಾಸ್ತರನಾದಾಗ ನನಗಿದ್ದ ಜಂಬ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅದು ತೊಂಬತ್ತರ ದಶಕದ ಶುರು. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಅದು ಯಾವ ಬ್ಯಾಕ್ಟೀರಿಯಾದ ಕೆಲಸವೆಂದು ಯಾರೂ ಕೇಳದೆಯೇ ಹೇಳುತ್ತಿದ್ದೆ, ಅದರ ಉದ್ದನೆಯ ಹೆಸರಿನ ಸಮೇತ. ನಾನು ಎದುರಿಗೆ ಬಂದರೆ ಜನ ಕೆಮ್ಮು ತಡೆದುಕೊಳ್ಳುತ್ತಿದ್ದರು.

ಅಪ್ಪನಿಗೆ ದ್ರಾಕ್ಷಿ ತೋಟವಿತ್ತು, ಜೊತೆಗೆ ಸಕ್ಕರೆ ಕಾಯಿಲೆಯೂ ಇತ್ತು. ಪಾದಗಳಿಗೆ ಅರಿವು ಕಡಿಮೆಯಾಗಿ, ಚಪ್ಪರದ ತಂತಿಯ ತುಂಡು ಹೆಬ್ಬೆರಳಿಗೆ ಚುಚ್ಚಿದ್ದು ಎರಡು ದಿನ ಗೊತ್ತೇ ಆಗಿರಲಿಲ್ಲ. ಗಾಯ ಕೀವಾಯಿತು. ಕೀವು ಹಸಿರು ಬಣ್ಣಕ್ಕೆ ತಿರುಗಿ ದ್ರಾಕ್ಷಿ ಹಣ್ಣಿನ ವಾಸನೆ ಬರತೊಡಗಿತು.

"ಜನಮ ಪೂರ್ತಿ ದ್ರಾಕ್ಷಿ ಬೆಳದೆ ನೋಡು, ಈಗ ಕಾಲಾಗೂ ಹತ್ಯಾವ" ಎಂದು ಅಪ್ಪ ನಕ್ಕ.

ನಾನು ನಗಲಿಲ್ಲ. ಆ ವಾಸನೆ ಯಾವ ಬ್ಯಾಕ್ಟೀರಿಯಾದ್ದು ಎಂದು ಪುಸ್ತಕದಲ್ಲಿ ಓದಿದ್ದೆ. ಅದು ಮಾತ್ರೆಗಳಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲವೆಂದೂ ಗೊತ್ತಿತ್ತು. ನಿಜ ಹೇಳಬೇಕೆಂದರೆ, ಹೆದರಿಕೆಯ ಜೊತೆಗೆ ಸಣ್ಣದೊಂದು ಖುಷಿಯೂ ಆಯಿತು, ಯಾಕೆಂದರೆ ನನ್ನ ತಲೆಯಲ್ಲಿ ಆಗ ಫೇಜ್ ಹೊಕ್ಕಿತ್ತು. ಫೇಜ್ ಎಂದರೆ ಬ್ಯಾಕ್ಟೀರಿಯಾಕ್ಕೇ ರೋಗ ಹತ್ತಿಸುವ ವೈರಸ್. ಮನುಷ್ಯನ ಗೊಡವೆಗೆ ಹೋಗದೆ ಬ್ಯಾಕ್ಟೀರಿಯಾವನ್ನಷ್ಟೇ ಕೊಲ್ಲುತ್ತದೆ. ಅದನ್ನು ನಮಗೆ ಬೇಕಾದಂತೆ ತಿದ್ದಿ ಔಷಧ ಮಾಡಬಹುದೆಂದು ಓದಿದ್ದೆ. ಪರದೇಶದಲ್ಲಿ ಅದರ ಜೀನುಗಳನ್ನೇ ಕತ್ತರಿಸಿ ಜೋಡಿಸುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಒಂದು ಪ್ರೆಶರ್ ಕುಕ್ಕರ್, ಒಂದಿಷ್ಟು ಗಾಜಿನ ತಟ್ಟೆ.

ಅಪ್ಪನ ಕೀವಿನಿಂದ ಬ್ಯಾಕ್ಟೀರಿಯಾ ಬೆಳೆಸಿದೆ. ಕೃಷ್ಣೆಯ ನೀರು ತಂದು ಅದಕ್ಕೆ ಬೆರೆಸಿದೆ, ಏನೂ ಆಗಲಿಲ್ಲ. ಸಂತೆ ಬಯಲಿನ ಗಟಾರದ ನೀರು ಬೆರೆಸಿದೆ. ಮರುದಿನ ತಟ್ಟೆಯ ಮೇಲೆ ಅಲ್ಲಲ್ಲಿ ಬ್ಯಾಕ್ಟೀರಿಯಾ ಸತ್ತು ತಿಳಿಯಾದ ಚುಕ್ಕೆಗಳು ಕಂಡವು. ಲ್ಯಾಬಿನಲ್ಲಿ ಒಬ್ಬನೇ ಕುಣಿದೆ. ದೊಡ್ಡ ಚುಕ್ಕೆಯ ವೈರಸ್ ಆರಿಸಿ ಮತ್ತೆ ಬೆಳೆಸುವುದು, ಅದರಲ್ಲೂ ದೊಡ್ಡದನ್ನು ಆರಿಸುವುದು, ಹೀಗೆ ಮೂರು ವಾರ ನಡೆಯಿತು. ಇದನ್ನು ವಿವರಿಸಿದಾಗ ಅಪ್ಪ, "ಚಲೋ ಬಳ್ಳಿ ನೋಡಿ ಕಡ್ಡಿ ಆರಸ್ತೇವಲ್ಲ, ಹಂಗ" ಎಂದ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನೂ ಅಷ್ಟು ಬೇಗ ತಿಳಿದುಕೊಂಡಿರಲಿಲ್ಲ.

ಇದೆಲ್ಲ ಬೆಳೆಯಲು ಮಾಂಸದ ಸಾರು ಬೇಕು ಎಂದು ಪುಸ್ತಕ ಹೇಳುತ್ತಿತ್ತು. ನಾವು ಜೈನರು. ನಾನು ಹೆಸರುಕಾಳು ಬೇಯಿಸಿ, ಸೋಸಿ, ಅದರ ಕಟ್ಟಿನಲ್ಲಿ ಬೆಳೆಸಿದೆ. ಇಂಥ ಶುದ್ಧ ಶಾಕಾಹಾರಿ ವೈರಸ್ ಜಗತ್ತಿನಲ್ಲೇ ಮೊದಲು ಎಂದು ಬೀಗಿದೆ.

ಅಷ್ಟರಲ್ಲಿ ಅಪ್ಪನನ್ನು ಕಾಗವಾಡದ ಮೇಲೆ ಹಾಯ್ದು ಮೀರಜಿಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರು ಗಾಯ ನೋಡಿ, "ಹೆಬ್ಬಟ್ಟ ತಗೀಬೇಕ್ರಿ. ಸೋಮವಾರ ಬಂದ ಅಡ್ಮಿಟ್ ಆಗ್ರಿ, ತಡಾ ಮಾಡಬ್ಯಾಡ್ರಿ" ಎಂದು ಸ್ಪಷ್ಟವಾಗಿ ಹೇಳಿದರು. ಬಸ್ಸಿನಲ್ಲಿ ಬರುವಾಗ ನಾನು ಅಪ್ಪನನ್ನು ಕೇಳಿದೆ, "ಎಂಟ ದಿನ ನನಗ ಕೊಡತೀಯೇನಪ್ಪಾ?"

"ತಗೋ" ಎಂದ ಅಪ್ಪ.

ಲ್ಯಾಬಿನಿಂದ ವೈರಸ್ ತುಂಬಿದ ಬಾಟಲಿ ಮನೆಗೆ ಬಂತು. ಕಾಲೇಜಿಗೆ ಹೋಗುವ ಅವಸರದಲ್ಲಿ ಅವ್ವನ ಕೈಗೆ ಕೊಟ್ಟು, ದಿನಕ್ಕೆ ಮೂರು ಸಲ ಇದರಲ್ಲಿ ಅರಿವೆ ನೆನೆಸಿ ಗಾಯಕ್ಕೆ ಇಡು, ಡಾಕ್ಟರು ಕೊಟ್ಟ ಮುಲಾಮು ಹಚ್ಚಬೇಡ, ಅದರಿಂದ ವೈರಸ್ ಸಾಯುತ್ತವೆ ಎಂದೆ.

"ಜೀವ ಅದಾವೇನ ತಮ್ಮಾ ಇದರಾಗ?" ಎಂದಳು ಅವ್ವ.

"ಜೀವ ಅಂದ್ರ! ಒಂದೊಂದ ಹನಿಯಾಗ ಕೋಟಿಗಟ್ಟಲೆ ಅದಾವ ಬೇ!"

ನನ್ನ ಅವ್ವ ಬಾವಿಯ ನೀರನ್ನು ಎರಡು ಪದರದ ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದ ಜೀವಗಳು ಸಾಯಬಾರದೆಂದು ಅವನ್ನು ಅದೇ ಬಾವಿಗೆ ಇಳಿಸಿ, ಸೋಸಿದ ನೀರನ್ನು ಕಾಸಿಯೇ ಬಳಸುವವಳು. ಹುಟ್ಟಿದಾಗಿನಿಂದ ಅದನ್ನು ನೋಡುತ್ತ ಬೆಳೆದವನು ನಾನು. ಆದರೂ ಸೈಕಲ್ ಹತ್ತಿ ಸಿಳ್ಳೆ ಹಾಕುತ್ತ ಹೋದೆ.

ಮರುದಿನದಿಂದ ಪ್ರತಿ ಸಂಜೆ ನೋಟ್‌ಬುಕ್ ಹಿಡಿದು ಅಪ್ಪನ ಮುಂದೆ ಕೂಡುತ್ತಿದ್ದೆ.

"ವಾಸನಿ ಕಡಿಮಿ ಆಗೈತೇನಪ್ಪಾ?"

"ಆಗೈತಿ."

"ಬಾವು?"

"ಅದೂ ಇಳದೈತಿ."

ಗಾಯ ನನ್ನ ಕಣ್ಣೆದುರಿಗೇ ಇತ್ತು. ಸುತ್ತಲಿನ ಚರ್ಮ ಕಪ್ಪಾಗಿದ್ದನ್ನು 'ಒಣಗುತ್ತಿದೆ' ಎಂದು ಬರೆದೆ. ಆರನೆಯ ದಿನ ಪತ್ರಿಕೆಗೆ ಕಳಿಸುವ ಲೇಖನದ ಮೊದಲ ಪುಟವೂ ಸಿದ್ಧವಾಯಿತು.

ಏಳನೆಯ ದಿನ, ಔಷಧದ ಬಲ ಎಷ್ಟಿದೆಯೆಂದು ಲೇಖನದಲ್ಲಿ ಬರೆಯಲು, ಮನೆಯ ಬಾಟಲಿಯಿಂದ ಸ್ವಲ್ಪ ಒಯ್ದು ತಟ್ಟೆಗೆ ಹಾಕಿದೆ. ಎಂಟನೆಯ ದಿನ ನೋಡಿದರೆ ಒಂದು ಚುಕ್ಕೆಯೂ ಇಲ್ಲ. ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದಿತ್ತು. ಅಥಣಿಯ ಬಿಸಿಲಿಗೆ ವೈರಸ್ ಸತ್ತಿರಬೇಕೆಂದುಕೊಂಡು ಮನೆಗೆ ಓಡಿ, ಬಾಟಲಿ ಎಲ್ಲಿ ಇಟ್ಟಿದ್ದೀ ಎಂದು ಅವ್ವನನ್ನು ಕೇಳಿದೆ.

"ತಂಪಿನಾಗ ಇಟ್ಟೇನಿ. ಮೊದಲನೇ ದಿನಾನ ಸೋಸಿ, ಚಲೋತ್ನಾಂಗ ಕಾಸಿ ಆರಿಸಿನಿ. ಜೀವ ಇದ್ದದ್ದ ಹಂಗ ಗಾಯಕ್ಕ ಹ್ಯಾಂಗ ಇಡಲಿ?"

ಕೂಗಾಡಿದೆ. ಕಾಸಿದ ಮೇಲೆ ಅದರಲ್ಲಿ ಉಳಿದದ್ದು ಬರೀ ಹೆಸರುಕಾಳಿನ ಕಟ್ಟು. ಮುಲಾಮು ನಿಲ್ಲಿಸಿ, ಏಳು ದಿನ ಅಪ್ಪನ ಗಾಯದ ಬ್ಯಾಕ್ಟೀರಿಯಾಕ್ಕೆ ಊಟ ಬಡಿಸಿದ್ದೆವು. ಅವ್ವ ಗೋಡೆ ಹಿಡಿದು ನಿಂತು, "ನನ್ನಿಂದ ಹಿಂಗ ಆತೇನೋ?" ಎಂದಳು. ವೈರಸ್‌ಗೆ ಜೀವ ಇದೆಯೋ ಇಲ್ಲವೋ ಎಂದು ದೊಡ್ಡ ದೊಡ್ಡ ಪುಸ್ತಕಗಳೇ ಇನ್ನೂ ಜಗಳಾಡುತ್ತವೆ. ಅದನ್ನೇ ನಾನು ಕ್ಲಾಸಿನಲ್ಲಿ ಒಂದು ಗಂಟೆ ಪಾಠ ಮಾಡುತ್ತಿದ್ದೆ. ಅವ್ವ ಕೇಳಿದಾಗ ಇಲ್ಲ ಎಂದಿದ್ದರೂ ಅದು ಸುಳ್ಳಾಗುತ್ತಿರಲಿಲ್ಲ. ಕೋಟಿ ಎಂದು ಹೇಳಿ ದೊಡ್ಡಸ್ತಿಕೆ ತೋರಿಸುವ ಚಟ ನನ್ನದು.

"ನಿನ್ನಿಂದಲ್ಲ ಬೇ, ನನ್ನಿಂದ" ಎಂದೆ.

ಅಂದೇ ಮೀರಜಿಗೆ ಹೋದೆವು. ಡಾಕ್ಟರು ಬೈಯಲೂ ಇಲ್ಲ. ಹೆಬ್ಬೆರಳಿನ ಜೊತೆಗೆ ಪಕ್ಕದ ಬೆರಳನ್ನೂ ತೆಗೆದರು. ವೈರಸ್ ಕಾಸದಿದ್ದರೆ ಹೆಬ್ಬೆರಳು ಉಳಿಯುತ್ತಿತ್ತು ಎನ್ನುವ ಧೈರ್ಯ ನನಗಿಲ್ಲ. ಎರಡನೆಯ ಬೆರಳು ಮಾತ್ರ ಹೋಗಬೇಕಾಗಿರಲಿಲ್ಲ.

ಆಪರೇಷನ್ ಆದ ಮೂರನೆಯ ದಿನ ಅಪ್ಪ ಎದ್ದು ಕೂತು ಚಹಾ ಕುಡಿಯುತ್ತಿದ್ದಾಗ ಕೇಳಿದೆ, "ಬಾವು ಏರೈತಿ ಅಂತ ನಿನಗ ತಿಳದಿರಲಿಲ್ಲೇನಪ್ಪಾ?"

"ತಿಳೀದ ಇರತೈತೇನೋ? ಮೂರನೇ ದಿನಾನ ತಿಳದಿತ್ತು."

"ಮತ್ತ ಇಳದೈತಿ ಅಂತ ಯಾಕ ಅಂದಿ?"

ಅಪ್ಪ ಬಸಿಯಲ್ಲಿ ಉಳಿದಿದ್ದ ಚಹಾ ಮುಗಿಸಿದ.

"ಅಷ್ಟ ಹುರುಪಿಲೆ ಪೆನ್ನ ಹಿಡದ ಕುಂತಿರತಿದ್ದೆಲ್ಲೋ ತಮ್ಮಾ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."